ಚಂದ್ರದ್ರೋಣ ಪರ್ವತ ಹಳೆಯ ಜ್ವಾಲಾಮುಖಿಯ ಬಾಯಿಯೇ?

ಭದ್ರಾವತಿಯ ಓದುಗರೊಬ್ಬರು ಕೇಳಿದ್ದಾರೆ: "ಬಾಬಾಬುಡನ್‌ಗಿರಿ ಸಾಲು (ಚಂದ್ರದ್ರೋಣ ಪರ್ವತ) ಮ್ಯಾಪಿನಲ್ಲಿ ಕುದುರೆ ಲಾಳದ ಹಾಗೆ ಕಾಣುತ್ತದೆ. ಅಲ್ಲಿ ಲಾವಾ ಕಲ್ಲೂ ಇದೆಯಂತೆ. ಹಾಗಾದರೆ ಅದು ಜ್ವಾಲಾಮುಖಿಯ ಬಾಯಿ ಅಲ್ವಾ? ಮತ್ತೆ ಉಕ್ಕಬಹುದಾ?"

ಲಾವಾ ಇರುವುದು ನಿಜ. ಆದರೆ ಆ ಲಾಳ ಜ್ವಾಲಾಮುಖಿಯ ಬಾಯಲ್ಲ. ಉಕ್ಕುವ ಭಯವೂ ಬೇಡ.

ಈ ಸಾಲಿನ ಕಲ್ಹತ್ತಿ, ಸಂತವೇರಿ ಕಡೆ ಹೋದಾಗ ಹಸಿರುಗಪ್ಪು ಬಂಡೆ ಕಂಡರೆ ನೀರು ಹಾಕಿ ಒರೆಸಿ ನೋಡಿ. ಕೆಲವದರಲ್ಲಿ ಕಡಲೆಕಾಳಿನಷ್ಟು ಬಿಳಿ ಚುಕ್ಕೆಗಳಿರುತ್ತವೆ. ಕಾವಲಿ ಮೇಲೆ ದೋಸೆ ಬೇಯುವಾಗ ತೂತು ಬೀಳುತ್ತದಲ್ಲ, ಹಾಗೆಯೇ ಬಿಸಿ ಲಾವಾದಲ್ಲಿ ಅನಿಲದ ಗುಳ್ಳೆ ಎದ್ದಿತ್ತು. ಲಾವಾ ಆರಿ ಗಟ್ಟಿಯಾಯಿತು, ಗುಳ್ಳೆಯ ತೂತು ಉಳಿಯಿತು. ಆಮೇಲೆ ಒಳಗೆ ಜಿನುಗಿದ ನೀರು ಆ ತೂತಿನಲ್ಲಿ ಬೆಣಚುಕಲ್ಲು, ಸುಣ್ಣದ ಖನಿಜ ತುಂಬಿಸಿತು. ಈ ಲಾವಾ ಹರಿದದ್ದು ಸುಮಾರು 270ರಿಂದ 290 ಕೋಟಿ ವರ್ಷಗಳ ಹಿಂದೆ! ಬೆಳಗಾವಿ, ವಿಜಯಪುರ ಕಡೆಯ ಲಾವಾ ಕಲ್ಲಿಗೆ ಬರೀ 6.6 ಕೋಟಿ ವರ್ಷ. ಎರಡೂ ಒಂದೇ ಎಂದುಕೊಳ್ಳುವವರು ಜಾಸ್ತಿ, ಅದಕ್ಕೇ ಹೇಳಿದೆ.

ಇನ್ನು ಲಾಳದ ವಿಷಯ. ಜ್ವಾಲಾಮುಖಿಯಲ್ಲಿ ಲಾವಾ ಬಾಯಿಂದ ಉಕ್ಕಿ ಹೊರಕ್ಕೆ ಹರಿಯುತ್ತದೆ. ಹಾಗಾಗಿ ಪದರಗಳು ಹೊರಕ್ಕೆ ಇಳಿಜಾರಾಗಿರುತ್ತವೆ. ಇಲ್ಲಿ ಉಲ್ಟಾ. ಪದರಗಳು ಒಳಕ್ಕೆ, ಲಾಳದ ನಡುವಿನ ಜಾಗರ ಕಣಿವೆಯ ಕಡೆಗೆ ಬಾಗಿವೆ. ಯಾಕೆಂದರೆ ಲಾವಾ ನಿಂತ ಮೇಲೆ ಅದರ ಮೇಲೆ ನೀರಿನಡಿಯಲ್ಲಿ ಕಬ್ಬಿಣ ಮತ್ತು ಸಿಲಿಕಾ (ಬೆಣಚುಕಲ್ಲಿನ ಅಂಶ) ಪಟ್ಟೆ ಪಟ್ಟೆಯಾಗಿ ಕೂತವು. ಮುಂದೆ ನೆಲದೊಳಗಿನ ಒತ್ತಡಕ್ಕೆ ಇಡೀ ರಾಶಿ ಬೋಗುಣಿಯಂತೆ ಬಾಗಿತು. ಕೋಟ್ಯಂತರ ವರ್ಷಗಳ ಮಳೆ, ಗಾಳಿ ಮೆತ್ತಗಿನ ಕಲ್ಲನ್ನು ಸವೆಸಿಕೊಂಡು ಹೋದವು. ಕಬ್ಬಿಣದ ಗಟ್ಟಿ ಪದರ ಮಾತ್ರ ಜಗ್ಗದೆ ಬೋಗುಣಿಯ ಅಂಚಾಗಿ ನಿಂತಿತು. ನೀವು ಮ್ಯಾಪಿನಲ್ಲಿ ಕಂಡ ಲಾಳ ಅದೇ ಅಂಚು.

ಆ ಅಂಚಿನ ತುಂಡು ನಿಮ್ಮೂರಿಗೂ ಬಂದಿದೆ. 1923ರಲ್ಲಿ ಕೆಲಸ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಬರುತ್ತಿದ್ದುದು ಇದೇ ಸಾಲಿನ ಕೆಮ್ಮಣ್ಣುಗುಂಡಿಯಿಂದ. ಮುಂದಿನ ಸಲ ಗಿರಿಗೆ ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಆಯಸ್ಕಾಂತ ಇಟ್ಟುಕೊಳ್ಳಿ. ಪಟ್ಟೆಕಲ್ಲು ಸಿಕ್ಕರೆ ಅದರ ಕಪ್ಪು ಪಟ್ಟೆಗೆ ತಾಗಿಸಿ. ಹೆಚ್ಚಿನ ಸಲ ಗಕ್ಕನೆ ಹಿಡಿದುಕೊಳ್ಳುತ್ತದೆ.