ಏಳೂ ಜನ ಪೈಲಟ್‌ಗಳಲ್ಲ: ‘ಕ್ರೂ’ ಎಂಬ ಪದ

ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಏಳು ಕಂಚಿನ ಪ್ರತಿಮೆಗಳಿವೆ. ಹಾರಾಟದ ದಪ್ಪ ಉಡುಪು ತೊಟ್ಟ ಏಳು ಹುಡುಗರು. ಆಗಷ್ಟೇ ವಿಮಾನದಿಂದ ಇಳಿದು ನಿಂತ ಹಾಗಿದ್ದಾರೆ. ಇವರ ಫೋಟೊ ಕೆಳಗೆ ‘ಎರಡನೇ ಮಹಾಯುದ್ಧದ ಬಾಂಬರ್ ಪೈಲಟ್‌ಗಳ ಸ್ಮಾರಕ’ ಎಂದು ಕನ್ನಡದಲ್ಲಿ ಬರೆದದ್ದನ್ನು ಹಲವು ಸಲ ಓದಿದ್ದೇನೆ. ಮೊನ್ನೆ ಕಂಡ ಬರಹದಲ್ಲಿ ಅದು ‘ಪೈಲಟ್ ಹಾಗೂ ಆರು ಮಂದಿ ಸಿಬ್ಬಂದಿ’ ಎಂದಾಗಿತ್ತು. ಲೆಕ್ಕವೇನೋ ಸರಿಹೋಯಿತು, ಪದ ಸರಿಹೋಗಲಿಲ್ಲ. ಏಳರಲ್ಲಿ ಪೈಲಟ್ ಒಬ್ಬನೇ, ನಿಜ. ಆದರೆ ಉಳಿದ ಆರು ಜನ ಅವನ ಸಿಬ್ಬಂದಿ ಅಲ್ಲ. ಅವನೂ ಸೇರಿ ಏಳು ಜನರಿಗೆ ‘ಕ್ರೂ’ ಎಂದು ಹೆಸರು.

‘ಸಿಬ್ಬಂದಿ’ಯನ್ನೇ ಮೊದಲು ನೋಡೋಣ. ಹಳೆಯ ಕಾಗದಪತ್ರಗಳಲ್ಲಿ ಇದು ‘ಶಿಬ್ಬಂದಿ’ ಎಂದೂ ಇರುತ್ತದೆ. ಪಾರಸಿಯ ‘ಸಿಹ್‌ಬಂದಿ’ಯಿಂದ ಬಂದ ಪದ. ಕಂದಾಯ ವಸೂಲಿಗೆ, ಠಾಣೆ ಕಾವಲಿಗೆ ಅಂತ ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಿದ್ದ ಆಳುಗಳಿಗೆ ಆ ಹೆಸರಿತ್ತು. ಕಂಪನಿಯ ಇಂಗ್ಲಿಷರು ಅದನ್ನೇ ‘ಸೆಬಂಡಿ’ ಎಂದು ಬರೆದುಕೊಂಡರು. ಆ ಪಡೆ ಹೋಯಿತು, ಪದ ಕಚೇರಿಯೊಳಗೆ ಬಂದು ಕೂತಿತು. ಈಗ ಬ್ಯಾಂಕ್ ಸಿಬ್ಬಂದಿ, ಆಸ್ಪತ್ರೆ ಸಿಬ್ಬಂದಿ, ಚುನಾವಣಾ ಸಿಬ್ಬಂದಿ. (ಅದೇ ಗುಂಪಿನ ಹೆಸರು, ಅದಕ್ಕೆ ಮತ್ತೆ ‘ಗಳು’ ಹಚ್ಚುವುದನ್ನು ದಯವಿಟ್ಟು ಬಿಡಿ.) ಇಷ್ಟೆಲ್ಲ ತಿರುಗಾಡಿದರೂ ಈ ಪದ ಒಂದನ್ನು ಬಿಟ್ಟಿಲ್ಲ. ಸಿಬ್ಬಂದಿ ಅಂದ ಕೂಡಲೇ ‘ಯಾರ ಸಿಬ್ಬಂದಿ?’ ಎಂಬ ಪ್ರಶ್ನೆ ಬರುತ್ತದೆ. ಕೆಲಸ ಕೊಟ್ಟವರು ಒಬ್ಬರು, ಸಂಬಳಕ್ಕೆ ಸೇರಿದವರು ಇನ್ನೊಬ್ಬರು. ಆ ಸಂಬಂಧವನ್ನು ವಿಮಾನದ ಒಳಗೆ ತಂದಿಟ್ಟರೆ ಪೈಲಟ್ ಯಜಮಾನನಾಗುತ್ತಾನೆ, ಉಳಿದವರು ಅವನ ಕೈಕೆಳಗಿನವರಾಗುತ್ತಾರೆ.

‘ಕ್ರೂ’ ಬಂದ ದಾರಿಯೇ ಬೇರೆ. ಲ್ಯಾಟಿನ್‌ನಲ್ಲಿ ‘ಕ್ರೆಸ್ಕೆರೆ’ ಅಂದರೆ ಬೆಳೆಯುವುದು. ಅದರಿಂದ ಹಳೆಯ ಫ್ರೆಂಚಿನಲ್ಲಿ ‘ಹೆಚ್ಚಾದದ್ದು’ ಎಂಬ ಅರ್ಥದ ಪದ ಬಂತು. ಇಂಗ್ಲಿಷಿಗೆ ಬಂದ ಹೊಸದರಲ್ಲಿ ‘ಕ್ರೂ’ ಅಂದರೆ ಇದ್ದ ಸೈನ್ಯಕ್ಕೆ ಬಲ ತುಂಬಲು ಬಂದು ಸೇರಿದ ತುಕಡಿ. ‘ರಿಕ್ರೂಟ್’ ಇದೇ ಬಳ್ಳಿಯ ಕಾಯಿ. ಬೆಳೆಯುವ ಚಂದ್ರನಿಗೆ ಹೇಳುವ ‘ಕ್ರೆಸೆಂಟ್’ ಕೂಡ. ಸೇರಿಕೊಂಡಿದ್ದರಿಂದ ಬೆಳೆದದ್ದು, ಇದು ಪದದ ಬೇರು. ಆಮೇಲೆ ಅದು ಹಡಗು ಹತ್ತಿತು. ಹಡಗಿನಲ್ಲಿ ಅದಕ್ಕೆ ಇನ್ನೊಂದು ಅರ್ಥ ಅಂಟಿಕೊಂಡಿತು: ದಡ ಸೇರಿದರೆ ಎಲ್ಲರೂ, ಮುಳುಗಿದರೆ ಎಲ್ಲರೂ. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೀನುಗಾರಿಕೆ ಬೋಟಿನಲ್ಲಿ ಅದನ್ನು ನಡೆಸುವ ತಾಂಡೇಲನ ಮಾತು ನಡೆಯುತ್ತದೆ. ಆದರೆ ಕಡಲು ಎದ್ದಾಗ ತಾಂಡೇಲನಿಗೊಂದು ಅಲೆ, ಕೆಲಸದಾಳು ಕಲಾಸಿಗೊಂದು ಅಲೆ ಅಂತ ಇರುವುದಿಲ್ಲ. ಬಾಂಬರ್ ಹುಡುಗರೂ ತಮ್ಮ ಪೈಲಟ್‌ನನ್ನು ‘ಸ್ಕಿಪ್ಪರ್’ ಎಂದೇ ಕರೆಯುತ್ತಿದ್ದರು. ಅದು ಡಚ್ಚರ ಹಡಗಿನ ಪದ. ಅದಕ್ಕೆ ಕನ್ನಡದಲ್ಲಿ ‘ತಾಂಡೇಲ’ನಷ್ಟು ಹತ್ತಿರದ ಪದ ನನಗೆ ಕಾಣುವುದಿಲ್ಲ.

ಈಗ ವಿಮಾನದೊಳಗೆ ಹೋಗೋಣ. ಬ್ರಿಟನ್ನಿನ ಲ್ಯಾಂಕಾಸ್ಟರ್ ಬಾಂಬರ್. ಎಡಗಡೆ ಪೈಲಟ್. ಪಕ್ಕದಲ್ಲಿ ನಾಲ್ಕು ಎಂಜಿನ್, ಇಂಧನ ನೋಡಿಕೊಳ್ಳುವ ಫ್ಲೈಟ್ ಎಂಜಿನಿಯರ್. ಅವರ ಹಿಂದೆ ಪರದೆ ಎಳೆದುಕೊಂಡು ಸಣ್ಣ ದೀಪದಲ್ಲಿ ನಕ್ಷೆ ನೋಡುವ ನ್ಯಾವಿಗೇಟರ್. ಇನ್ನೂ ಹಿಂದೆ ವೈರ್‌ಲೆಸ್ ಆಪರೇಟರ್. ಬೆನ್ನಿನ ಮೇಲೆ ಸುತ್ತ ತಿರುಗುವ ಬಂದೂಕಿನ ಗೋಪುರದಲ್ಲಿ ಒಬ್ಬ ಗನ್ನರ್, ಬಾಲದ ತುದಿಯಲ್ಲಿ ಇನ್ನೊಬ್ಬ. ಬಾಲದವನ ಗೋಪುರ ಎಷ್ಟು ಇಕ್ಕಟ್ಟು ಅಂದರೆ ಪ್ಯಾರಾಚೂಟನ್ನು ಹೊರಗೆ, ವಿಮಾನದ ಒಡಲಿನಲ್ಲಿ ಇಟ್ಟು ಒಳಗೆ ಹೋಗಬೇಕಿತ್ತು. ಮೂತಿಯಲ್ಲಿ ಬೋರಲು ಮಲಗಿದವನು ಬಾಂಬ್ ಏಮರ್. ಗುರಿ ಹತ್ತಿರ ಬಂದಾಗ ವಿಮಾನ ಎತ್ತ ಹೋಗಬೇಕೆಂದು ಹೇಳುವವನು ಅವನೇ. ಎಡಕ್ಕೆ ಬೇಕಾದರೆ ‘ಲೆಫ್ಟ್, ಲೆಫ್ಟ್’ ಅಂತ ಎರಡು ಸಲ, ಬಲಕ್ಕಾದರೆ ‘ರೈಟ್’ ಅಂತ ಒಂದೇ ಸಲ. ಎಂಜಿನ್ ಗದ್ದಲದಲ್ಲಿ ಒಂದು ಇನ್ನೊಂದಾಗಿ ಕೇಳಿಸಬಾರದಲ್ವಾ? ಆ ಹೊತ್ತಿನಲ್ಲಿ ಪೈಲಟ್ ಅವನು ಹೇಳಿದ್ದನ್ನು ಮಾಡುತ್ತಾನೆ, ಅಷ್ಟೇ. ಹಾಗಾದರೆ ಯಾರು ಯಾರ ಸಿಬ್ಬಂದಿ?

ಈ ಗುಂಪು ಕೂಡುತ್ತಿದ್ದ ಬಗೆಯನ್ನು ನೋಡಿದರೆ ಪದದ ಅರ್ಥ ಇನ್ನೂ ಚೆನ್ನಾಗಿ ತಿಳಿಯುತ್ತದೆ. ತರಬೇತಿಯ ಕೊನೆಯ ಹಂತದಲ್ಲಿ ಹುಡುಗರನ್ನೆಲ್ಲ ಒಂದು ದೊಡ್ಡ ಹ್ಯಾಂಗರಿನಲ್ಲಿ ಬಿಡುತ್ತಿದ್ದರು. ಇಷ್ಟು ಪೈಲಟ್‌ಗಳು, ಇಷ್ಟೇ ನ್ಯಾವಿಗೇಟರ್‌ಗಳು, ಇಷ್ಟೇ ಗನ್ನರ್‌ಗಳು. ‘ನೀವೇ ಮಾತಾಡಿಕೊಂಡು ಜೊತೆಯಾಗಿ’ ಎನ್ನುವುದಷ್ಟೇ ಆದೇಶ. ಪಟ್ಟಿ ಇಲ್ಲ, ಹೆಸರು ಕೂಗುವುದಿಲ್ಲ. ಸುಮ್ನೆ ಅಡ್ಡಾಡಿ, ಮುಖ ನೋಡಿ, ‘ನಿನಗೆ ಗನ್ನರ್ ಸಿಕ್ಕನಾ?’ ಅಂತ ಕೇಳಿ ಒಂದಾಗುತ್ತಿದ್ದರು. ಫ್ಲೈಟ್ ಎಂಜಿನಿಯರ್ ಮಾತ್ರ ಆಮೇಲೆ, ನಾಲ್ಕು ಎಂಜಿನ್ನಿನ ವಿಮಾನಕ್ಕೆ ಹೋದಾಗ ಬಂದು ಸೇರುತ್ತಿದ್ದ. ಎಲ್ಲದಕ್ಕೂ ಅಪ್ಪಣೆ ಕೊಡುವ ಸೈನ್ಯ ಈ ಒಂದನ್ನು ಹುಡುಗರಿಗೇ ಬಿಟ್ಟಿತ್ತು. ಹೆಚ್ಚಿನವರಿಗೆ ಇಪ್ಪತ್ತು, ಇಪ್ಪತ್ತೆರಡು ವಯಸ್ಸು. ಕೆಲವರಿಗೆ ಹತ್ತೊಂಬತ್ತು.

ಇನ್ನೊಂದು ತಪ್ಪು ಇದಕ್ಕಿಂತ ಜಾಸ್ತಿ ಕಾಡುತ್ತದೆ. ‘ಪೈಲಟ್ ಆಫೀಸರ್’ ಎಂಬುದನ್ನು ಕಂಡವರು ನೇರವಾಗಿ ‘ಪೈಲಟ್’ ಎಂದು ಬರೆದುಬಿಡುತ್ತಾರೆ. ಅದು ಕೆಲಸದ ಹೆಸರಲ್ಲ, ದರ್ಜೆಯ ಹೆಸರು. ಬ್ರಿಟಿಷ್ ವಾಯುಪಡೆಯ ಅಧಿಕಾರಿಗಳಲ್ಲಿ ಕೆಳಗಿನ ದರ್ಜೆ. ಅದರ ಮೇಲಿನದು ‘ಫ್ಲೈಯಿಂಗ್ ಆಫೀಸರ್’. ಈ ದರ್ಜೆಯವರು ವಿಮಾನ ಓಡಿಸಬೇಕೆಂದೇನೂ ಇಲ್ಲ. ಹಾಗೆಯೇ ವಿಮಾನ ಓಡಿಸುವವನು ಬರೀ ಸಾರ್ಜೆಂಟ್ ಆಗಿದ್ದು, ಅವನ ಹಿಂದೆ ಕೂತ ನ್ಯಾವಿಗೇಟರ್ ಅಧಿಕಾರಿಯಾಗಿರುತ್ತಿದ್ದದ್ದೂ ಉಂಟು. ನೆಲದ ಮೇಲೆ ಸಾರ್ಜೆಂಟ್ ಸೆಲ್ಯೂಟ್ ಹೊಡೆಯಬೇಕು, ಗಾಳಿಯಲ್ಲಿ ಅವನೇ ಸ್ಕಿಪ್ಪರ್.

ಈ ಗೊಂದಲ ಆಂಡ್ರ್ಯೂ ಮಿನಾರ್ಸ್ಕಿಯ ವಿಷಯದಲ್ಲಿ ಆಗಬಾರದು. ಕೆನಡಾದ ವಿನಿಪೆಗ್‌ನವನು, 27 ವರ್ಷ. ದರ್ಜೆ ಪೈಲಟ್ ಆಫೀಸರ್, ಕೆಲಸ ಬೆನ್ನಿನ ಗೋಪುರದ ಗನ್ನರ್. ಬಾಲದ ಗನ್ನರ್ ಪ್ಯಾಟ್ ಬ್ರೋಫಿ ಅವನ ಆಪ್ತ ಗೆಳೆಯ, ದರ್ಜೆ ಫ್ಲೈಯಿಂಗ್ ಆಫೀಸರ್. 1944ರ ಜೂನ್ 12ರ ರಾತ್ರಿ ಅವರ ಲ್ಯಾಂಕಾಸ್ಟರ್ ಫ್ರಾನ್ಸಿನ ಕಾಂಬ್ರೆಯ ರೈಲ್ವೆ ಯಾರ್ಡ್ ಮೇಲೆ ದಾಳಿಗೆ ಹೊರಟಿತ್ತು. ಜರ್ಮನ್ ಯುದ್ಧವಿಮಾನವೊಂದು ಹೊಡೆಯಿತು. ಎಡಗಡೆಯ ಎರಡೂ ಎಂಜಿನ್ ಹೋದವು, ಎರಡು ಗೋಪುರಗಳ ನಡುವೆ ಬೆಂಕಿ ಎದ್ದಿತು. ಸ್ಕಿಪ್ಪರ್ ಎಲ್ಲರಿಗೂ ಹಾರಲು ಹೇಳಿದ. ಮಿನಾರ್ಸ್ಕಿ ಬಾಗಿಲ ಹತ್ತಿರ ಬಂದ. ಇನ್ನೇನು ಹಾರಬೇಕು, ತಿರುಗಿ ನೋಡಿದರೆ ಬ್ರೋಫಿಯ ಗೋಪುರ ತಿರುಗದೆ ಸಿಕ್ಕಿಕೊಂಡಿದೆ, ಅವನು ಒಳಗೇ ಉಳಿದಿದ್ದಾನೆ. ಬೆಂಕಿಯೊಳಗೆ ನುಗ್ಗಿದ. ಕೊಡಲಿಯಿಂದ ಹೊಡೆದ, ಬರಿಗೈಯಿಂದ ಎಳೆದ. ಆಗಲಿಲ್ಲ. ಬಟ್ಟೆಗೆ, ಪ್ಯಾರಾಚೂಟಿಗೆ ಬೆಂಕಿ ಹತ್ತಿತ್ತು. ಹೋಗು ಹೋಗು ಎಂದು ಬ್ರೋಫಿ ಒಳಗಿನಿಂದ ಕೈಬೀಸಿದ. ಮಿನಾರ್ಸ್ಕಿ ಬಾಗಿಲವರೆಗೆ ಹಿಮ್ಮುಖವಾಗಿ ಹೋದ. ಉರಿಯುವ ಬಟ್ಟೆಯಲ್ಲೇ ನೆಟ್ಟಗೆ ನಿಂತು ಗೆಳೆಯನಿಗೆ ಒಂದು ಸೆಲ್ಯೂಟ್ ಹೊಡೆದು ಹಾರಿದ.

ಸುಟ್ಟ ಗಾಯಗಳಿಂದ ಅವನು ಸತ್ತ. ವಿಮಾನ ನೆಲಕ್ಕೆ ಬಡಿದಾಗ ಬ್ರೋಫಿ ಹೊರಗೆ ಚಿಮ್ಮಿ ಬಿದ್ದು ಬದುಕಿಕೊಂಡ. ಉಳಿದ ಐವರೂ ಬದುಕಿದರು. ಬ್ರೋಫಿ ಬಂದು ಹೇಳಿದ್ದರಿಂದಲೇ ಈ ಸಂಗತಿ ಹೊರಬಂತು. 1946ರಲ್ಲಿ ಮಿನಾರ್ಸ್ಕಿಗೆ ಶೌರ್ಯಕ್ಕೆ ಕೊಡುವ ಅತಿ ದೊಡ್ಡ ಪದಕ ವಿಕ್ಟೋರಿಯಾ ಕ್ರಾಸ್ ಕೊಟ್ಟರು. ಕೆನಡಾದ ಹ್ಯಾಮಿಲ್ಟನ್ ಮ್ಯೂಸಿಯಂನಲ್ಲಿ ಇವತ್ತೂ ಹಾರುವ ಲ್ಯಾಂಕಾಸ್ಟರ್‌ಗೆ ಅವನದೇ ಹೆಸರು. ಜಗತ್ತಿನಲ್ಲಿ ಹಾರುವ ಲ್ಯಾಂಕಾಸ್ಟರ್ ಉಳಿದಿರುವುದು ಎರಡೇ. ಅದರಲ್ಲಿ ಒಂದಕ್ಕೆ ಹೆಸರು ಕೊಟ್ಟವನು ಗನ್ನರ್.

ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗವಾದ ‘ಬಾಂಬರ್ ಕಮಾಂಡ್‌’ನಲ್ಲಿ ಹಾರಿದವರು ಸುಮಾರು 1,25,000 ಜನ. ಸತ್ತವರು 55,573. ಎಲ್ಲರೂ ತಾವಾಗಿ ಮುಂದೆ ಬಂದವರು. 30 ದಾಳಿ ಮುಗಿಸಿದರೆ ಒಂದು ‘ಟೂರ್’ ಮುಗಿದಂತೆ, ಆಮೇಲೆ ಕೆಲವು ಕಾಲ ಬಿಡುವು. ಅಲ್ಲಿವರೆಗೆ ಉಳಿಯುವುದೇ ಕಷ್ಟವಿತ್ತು. 1944ರ ಮಾರ್ಚ್ 30ರ ರಾತ್ರಿ ಜರ್ಮನಿಯ ನ್ಯೂರೆಂಬರ್ಗ್‌ಗೆ ಹೋದ ವಿಮಾನಗಳಲ್ಲಿ 95 ಮರಳಲಿಲ್ಲ. ಇವರು ಹಾಕಿದ ಬಾಂಬುಗಳ ಕೆಳಗೆ ಹ್ಯಾಂಬರ್ಗ್, ಡ್ರೆಸ್ಡೆನ್‌ಗಳಲ್ಲಿ ಮಕ್ಕಳು, ಮುದುಕರು ಸುಟ್ಟುಹೋದರು ಎಂಬುದನ್ನೂ ಮರೆಯುವ ಹಾಗಿಲ್ಲ. ಗ್ರೀನ್ ಪಾರ್ಕಿನ ಸ್ಮಾರಕ 2012ರವರೆಗೆ ತಡವಾದದ್ದರ ಹಿಂದೆ ಆ ನೋವೂ ಇತ್ತು. 1939ರಿಂದ 1945ರವರೆಗೆ ಬಾಂಬ್ ದಾಳಿಯಲ್ಲಿ ಸತ್ತ ಎಲ್ಲ ದೇಶದವರನ್ನೂ ನೆನೆಯುವ ಸಾಲು ಅದೇ ಕಲ್ಲಿನ ಮೇಲಿದೆ. ನೆನೆಯುವುದು ಅಂದರೆ ದಾಳಿಯನ್ನು ಹೊಗಳುವುದು ಅಂತಲ್ಲ.

‘ಸಿಬ್ಬಂದಿ’ ಚೆನ್ನಾಗಿ ಹೊಂದುವ ಜಾಗವೂ ಈ ಕಥೆಯಲ್ಲೇ ಇದೆ, ಅದೂ ಬೆಂಗಳೂರಿನಲ್ಲಿ. ಯುದ್ಧ ಮುಗಿದ ಮೇಲೆ ಅಮೆರಿಕನ್ನರ ಲಿಬರೇಟರ್ ಬಾಂಬರ್‌ಗಳು ಕಾನ್ಪುರದಲ್ಲಿ ಗುಜರಿಯಾಗಿ ಬಿದ್ದಿದ್ದವು. ಹಿಂದುಸ್ತಾನ್ ಏರ್‌ಕ್ರಾಫ್ಟ್‌ನ (ಈಗಿನ ಎಚ್‌ಎಎಲ್) ಪೈಲಟ್ ಜಿಮ್ಮಿ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿನ ಕಾರ್ಖಾನೆಯವರು ರಿಪೇರಿ ಮಾಡಿ ಭಾರತದ ವಾಯುಪಡೆಗೆ ಕೊಟ್ಟರು. 1948ರಲ್ಲಿ ಅವುಗಳಿಂದಲೇ 5ನೇ ಸ್ಕ್ವಾಡ್ರನ್ ಶುರುವಾಯಿತು. ಆ ಫಿಟ್ಟರ್‌ಗಳನ್ನು, ಮೆಕ್ಯಾನಿಕ್‌ಗಳನ್ನು ಕಾರ್ಖಾನೆಯ ಸಿಬ್ಬಂದಿ ಎಂದರೆ ಸರಿಯಾಗಿದೆ, ಗೌರವವಾಗಿಯೂ ಇದೆ. ಅದೇ ಲಿಬರೇಟರ್ ಹತ್ತಿ ಹಾರಿದವರಿಗೆ ಆ ಪದ ಬೇಡ. ‘ತಂಡ’ ಎನ್ನಿ. ‘ಏಳು ಮಂದಿಯ ತಂಡ’, ‘ವಿಮಾನದ ತಂಡ’. ಇಲ್ಲವೇ ‘ಕ್ರೂ’ ಎಂದೇ ಬರೆಯಿರಿ, ಓದುವವರಿಗೆ ತಿಳಿಯುತ್ತದೆ.

ಜರ್ಮನಿಯ ರೈಕ್ಸ್‌ವಾಲ್ಡ್ ಕಾಡಿನಲ್ಲಿರುವ ಯುದ್ಧ ಸ್ಮಶಾನದಲ್ಲಿ ಸಾವಿರಾರು ವಿಮಾನ ಹುಡುಗರ ಗೋರಿಗಳಿವೆ. ಇಂಥ ಸ್ಮಶಾನಗಳಲ್ಲಿ ಸಾಮಾನ್ಯವಾಗಿ ಕಲ್ಲು ಕಲ್ಲಿನ ನಡುವೆ ಒಂದಿಷ್ಟು ಅಂತರ ಇರುತ್ತದೆ. ಕೆಲವು ಕಡೆ ಅಂತರವೇ ಇಲ್ಲ. ಏಳು ಕಲ್ಲುಗಳು ಹೆಗಲಿಗೆ ಹೆಗಲು ತಾಗಿಸಿಕೊಂಡು ನಿಂತಿರುತ್ತವೆ. ವಿಮಾನ ಉರಿದು ಬಿದ್ದ ಜಾಗದಲ್ಲಿ ಯಾರು ಯಾರೆಂದು ಬೇರೆ ಮಾಡಲು ಆಗದೆ ಒಟ್ಟಿಗೆ ಮಣ್ಣು ಮಾಡಿದ ಗೋರಿಗಳು ಅವು. ಪ್ರತಿ ಕಲ್ಲಿನ ಮೇಲೆ ಅವನ ಹೆಸರು, ಅದರ ಜೊತೆಗೆ ಅವನ ಕೆಲಸ: ಪೈಲಟ್, ನ್ಯಾವಿಗೇಟರ್, ಫ್ಲೈಟ್ ಎಂಜಿನಿಯರ್, ಏರ್ ಗನ್ನರ್.