ಕುಡಿದು ಓಡಿಸಿ ಜೀವ ತೆಗೆದರೆ ಯಾವ ಸೆಕ್ಷನ್? ಭಾರತೀಯ ನ್ಯಾಯ ಸಂಹಿತೆಯ 105 ಮತ್ತು 106ರ ನಡುವಿನ ಜಗ್ಗಾಟ

ಡ್ರಂಕ್ ಅಂಡ್ ಡ್ರೈವ್ ಎಂದೊಡನೆ ನಾವು ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಓದಿ ಪುಸ್ತಕ ಮುಚ್ಚಿಬಿಡುತ್ತೇವೆ. ಅದು ಸುಲಭದ ಭಾಗ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿ ಆಲ್ಕೋಹಾಲ್ ಇದ್ದರೆ ಅಪರಾಧ. ಮೊದಲ ಸಲವಾದರೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂ. ದಂಡ, ಇಲ್ಲವೇ ಎರಡೂ. 2019ರ ತಿದ್ದುಪಡಿಗೆ ಮುಂಚೆ ಆ ದಂಡ ಹೆಚ್ಚೆಂದರೆ 2,000 ರೂ. ಇತ್ತು. 200ನೇ ಸೆಕ್ಷನ್ನಿನ ರಾಜಿ ಪಟ್ಟಿಯಲ್ಲಿ 185 ಇಲ್ಲ, ಹಾಗಾಗಿ ರಸ್ತೆಯಲ್ಲೇ ದಂಡ ಕಟ್ಟಿ ಹೊರಡುವಂತಿಲ್ಲ, ಕೋರ್ಟಿಗೇ ಹೋಗಬೇಕು.

185ನ್ನು ಒಂಟಿಯಾಗಿ ಓದಬೇಡಿ. 203 ಉಸಿರಿನ ಪರೀಕ್ಷೆಗೆ, 204 ರಕ್ತದ ಪರೀಕ್ಷೆಗೆ. 202ರ ಪ್ರಕಾರ ಬಂಧಿಸಿದ 2 ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗದಿದ್ದರೆ ಆರೋಪಿಯನ್ನು ಬಿಡಲೇಬೇಕು. ಆರೋಪಿ ಊದಲು ಒಪ್ಪದಿದ್ದರೆ? ಸಕಾರಣ ತೋರಿಸದ ಹೊರತು ಆ ನಿರಾಕರಣೆಯೇ ಪ್ರಾಸಿಕ್ಯೂಷನ್ನಿಗೆ ಬಲ ಕೊಡಬಹುದು ಎನ್ನುತ್ತದೆ 205. 'ನನ್ನ ವಿರುದ್ಧ ನಾನೇ ಸಾಕ್ಷಿಯಾಗಲಾರೆ' ಎಂದು ಸಂವಿಧಾನದ 20(3)ನೇ ವಿಧಿಯ ಮೊರೆಹೋಗುವುದು ಕಷ್ಟ. ಬೆರಳಚ್ಚಿನಂಥ ದೈಹಿಕ ಪುರಾವೆ 'ಹೇಳಿಕೆ'ಯಲ್ಲ ಎಂದು ಕಾಥಿ ಕಾಲು ಒಘಡ್ ಪ್ರಕರಣದಲ್ಲಿ (1961) ಸುಪ್ರೀಂ ಕೋರ್ಟ್ ಹೇಳಿಯಾಗಿದೆ.

ಬಾಯಿ ವಾಸನೆ, ತೂರಾಟ, ತೊದಲು ಮಾತು ಇವಿಷ್ಟರಿಂದಲೇ ಕುಡಿದಿದ್ದನೆಂದು ತೀರ್ಮಾನಿಸಲಾಗದು ಎಂದು ಬಚುಭಾಯಿ ಕರ್ಯಾನಿ ಪ್ರಕರಣದಲ್ಲಿ (1971) ಅದೇ ಕೋರ್ಟ್ ಹೇಳಿತ್ತು. ಆದರೆ ವಿಮೆಯ ವ್ಯಾಜ್ಯದಲ್ಲಿ ಅಳತೆಗೋಲು ಬೇರೆ: ಪರೀಕ್ಷೆಯೇ ನಡೆಯದಿದ್ದರೂ ಸುತ್ತಲಿನ ಸಂದರ್ಭಗಳಿಂದ ಅಮಲನ್ನು ಸಾಬೀತುಮಾಡಬಹುದು (ಇಫ್ಕೋ ಟೋಕಿಯೋ, 2021). ಕಾನೂನು ಓದುವವರು ಉತ್ತರಪತ್ರಿಕೆಯಲ್ಲಿ ಇವೆರಡನ್ನೂ ಕಲಸಿ ಬರೆದರೆ ಅಂಕ ಹೋಗುತ್ತದೆ.

ನಿಜವಾದ ಚರ್ಚೆ ಇರುವುದು ಸಾವು ಸಂಭವಿಸಿದಾಗ. ಭಾರತೀಯ ನ್ಯಾಯ ಸಂಹಿತೆಯ 106(1) ನಿರ್ಲಕ್ಷ್ಯದಿಂದಾದ ಸಾವಿಗೆ 5 ವರ್ಷದವರೆಗೆ ಶಿಕ್ಷೆ ಇಟ್ಟಿದೆ, ಜಾಮೀನು ಸಿಗುತ್ತದೆ. ಹಳೆಯ ಐಪಿಸಿ 304ಎ ಅಡಿ ಇದ್ದದ್ದು 2 ವರ್ಷ. 105 ಹೇಳುವುದು ಕೊಲೆಯಲ್ಲದ ನರಹತ್ಯೆ. ಉದ್ದೇಶ ಇಲ್ಲದಿದ್ದರೂ 'ಸಾವು ಸಂಭವಿಸಬಹುದು' ಎಂಬ ಅರಿವಿದ್ದರೆ 10 ವರ್ಷದವರೆಗೆ ಹೋಗಬಹುದು, ಜಾಮೀನು ಹಕ್ಕಲ್ಲ.

ಅರಿವನ್ನು ಸಾಬೀತುಮಾಡುವುದು ಹೇಗೆ? ಅಲಿಸ್ಟರ್ ಪರೇರಾ ಪ್ರಕರಣವನ್ನು ಬಿಡಿಸಿ ನೋಡೋಣ. 2006ರ ನವೆಂಬರ್, ಮುಂಬೈನ ಕಾರ್ಟರ್ ರಸ್ತೆ. ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹರಿದು 7 ಜನ ಸತ್ತರು. ಚಾಲಕನ ರಕ್ತದಲ್ಲಿ ಶೇ. 0.112 ಆಲ್ಕೋಹಾಲ್, ಅಂದರೆ 112 ಮಿ.ಗ್ರಾಂ. ಇಂಥ ಓಡಾಟದಿಂದ ಜನ ಸಾಯಬಹುದೆಂದು ವಿವೇಕವುಳ್ಳ ಯಾರಿಗಾದರೂ ತಿಳಿದಿರುತ್ತದೆ, ಆ ಅರಿವನ್ನು ಚಾಲಕನಿಗೂ ಆರೋಪಿಸಬಹುದು ಎಂದಿತು ಸುಪ್ರೀಂ ಕೋರ್ಟಿನ 2012ರ ತೀರ್ಪು. ಹೈಕೋರ್ಟ್ ಕೊಟ್ಟಿದ್ದ 3 ವರ್ಷದ ಶಿಕ್ಷೆ ತೀರಾ ಕಡಿಮೆ ಎಂದು ಕೋರ್ಟೇ ಹೇಳಿತು, ಆದರೆ ಸರ್ಕಾರ ಅದರ ವಿರುದ್ಧ ಮೇಲ್ಮನವಿ ಹಾಕಿರಲಿಲ್ಲವಾದ್ದರಿಂದ ಹೆಚ್ಚಿಸಲಿಲ್ಲ. ಏಳು ಜನ ಬಡ ಕೂಲಿಕಾರರ ಸಾವಿನಲ್ಲಿ ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕದೆ ಹೋದದ್ದು ನನಗೆ ಇವತ್ತಿಗೂ ಅರಗದ ಸಂಗತಿ.

ಹಾಗೆಂದು 31 ಮಿ.ಗ್ರಾಂ ಬಂದವರ ಮೇಲೆಲ್ಲ 105 ಹಾಕುವುದು ಸರಿಯಲ್ಲ ಎಂಬುದು ನನ್ನ ನಿಲುವು. 185ಕ್ಕೆ ಅಂಕಿ ಸಾಕು, 105ಕ್ಕೆ ಸಾಲದು. ವೇಗ, ಜಾಗ, ಓಡಿಸಬೇಡ ಎಂದವರ ಮಾತು, ಇವೆಲ್ಲ ಸೇರಿ ಅರಿವನ್ನು ತೋರಿಸಬೇಕು.

ಇನ್ನು ಓಡಿಹೋಗುವವರ ವಿಷಯ. ರಕ್ತದ ಆಲ್ಕೋಹಾಲ್ ಗಂಟೆಗೆ ಸುಮಾರು 15 ಮಿ.ಗ್ರಾಂನಂತೆ ಇಳಿಯುತ್ತದೆ. ಮಧ್ಯರಾತ್ರಿ 100 ಇದ್ದವನು ಬೆಳಗಿನ 5ಕ್ಕೆ ಸಿಕ್ಕರೆ ಸುಮಾರು 25, ಕಾನೂನಿನ ಮಿತಿಯೊಳಗೆ! ಹಿಮ್ಮುಖವಾಗಿ ಲೆಕ್ಕಹಾಕಬಹುದಾದರೂ ಒಬ್ಬೊಬ್ಬರ ದೇಹದಲ್ಲಿ ಒಂದೊಂದು ವೇಗ, ಪಾಟೀಸವಾಲಿನಲ್ಲಿ ಅದು ನಿಲ್ಲುವುದು ಕಷ್ಟ. ಅಂದರೆ ಕುಡಿದವನಿಗೆ ಪರಾರಿಯಾಗುವುದೇ ಲಾಭ. ಇದಕ್ಕೆ ತಡೆಯಾಗಬಹುದಾಗಿದ್ದದ್ದು 106(2): ಅಪಘಾತ ಮಾಡಿ ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಪರಾರಿಯಾದರೆ 10 ವರ್ಷದವರೆಗೆ ಶಿಕ್ಷೆ. ಇದನ್ನು ವಿರೋಧಿಸಿ 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದರು. ಆ ಜುಲೈ 1ರಂದು ಸಂಹಿತೆ ಜಾರಿಯಾದಾಗ ಈ ಉಪಕಲಮನ್ನು ಮಾತ್ರ ತಡೆಹಿಡಿಯಲಾಯಿತು. ನಿಂತರೆ ಜನ ಹೊಡೆದು ಸಾಯಿಸುತ್ತಾರೆ ಎಂಬ ಚಾಲಕರ ಭಯ ಸುಳ್ಳಲ್ಲ. ಆದರೆ ಉಪಕಲಂ ಕೇಳುವುದು ಸ್ಥಳದಲ್ಲೇ ನಿಲ್ಲಬೇಕೆಂದಲ್ಲ, ಬೇಗ ತಿಳಿಸಬೇಕೆಂದು. ಹತ್ತಿರದ ಠಾಣೆಗೆ ಹೋದವನಿಗೆ ರಕ್ಷಣೆಯನ್ನೂ ಖಾತರಿಪಡಿಸುವ ಒಂದು ಸಾಲು ಸೇರಿಸಿ ಇದನ್ನು ಜಾರಿಗೆ ತರಬಹುದು ಎಂದು ನನಗನ್ನಿಸುತ್ತದೆ.