ವಿಮಾನದ ರೇಡಿಯೋದಲ್ಲಿ ‘ಓಕೆ’ ಅಂದ್ರೆ ಏನರ್ಥ?

ದಾವಣಗೆರೆ ಬಸ್ ಸ್ಟ್ಯಾಂಡಲ್ಲಿ ಕಂಡಕ್ಟ್ರು ‘ರೈಟ್ ರೈಟ್’ ಅಂದ್ರೆ ಹೊರಡು ಅಂತ, ‘ಹೋಲ್ಡಾನ್’ ಅಂದ್ರೆ ನಿಲ್ಸು ಅಂತ, ಡ್ರೈವರ್ ಯಾವೂರಿನವ್ರಾದ್ರೂ ಇದ್ರಲ್ಲಿ ಗೊಂದಲ ಆಗಲ್ಲ. ನಮ್ಮ ಅಕ್ಕನ ಮಗಳು ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ, ಈಗ ಪೈಲಟ್ ಆಗ್ತೀನಿ ಅಂತಾಳೆ. ‘ಮಾಮ, ನನ್ನ ಇಂಗ್ಲಿಷ್ ಸಾಲುತ್ತಾ’ ಅಂತ ಕೇಳಿದ್ಲು, ಅವಳಿಗೆ ಸರಿಯಾಗಿ ಉತ್ತರ ಕೊಡ್ಬೇಕು ಅಂತ ಹಳೇದೆಲ್ಲ ಓದ್ತಾ ಕೂತೆ.

1977ರ ಮಾರ್ಚ್ 27, ಸ್ಪೇನ್‌ಗೆ ಸೇರಿದ ಟೆನೆರೀಫ್ ದ್ವೀಪ. ಮಂಜು ಕವಿದಿತ್ತು, ಒಂದೇ ರನ್‌ವೇ ಮೇಲೆ ನೆದರ್ಲೆಂಡ್ಸ್‌ನ ಕೆಎಲ್‌ಎಂ ಮತ್ತು ಅಮೆರಿಕದ ಪ್ಯಾನ್ ಆಮ್ ಕಂಪನಿಗಳ ಎರಡು ಜಂಬೋ ವಿಮಾನ. ಕೆಎಲ್‌ಎಂನ ಡಚ್ ಕೋಪೈಲಟ್ ‘ವಿ ಆರ್ ನೌ ಅಟ್ ಟೇಕಾಫ್’ ಅಂದ್ರು. ವಿಮಾನಗಳಿಗೆ ದಾರಿ ಹೇಳೋ ಕಂಟ್ರೋಲ್ ಟವರ್‌ನವ್ರು, ವಿಮಾನ ಟೇಕಾಫ್ ಜಾಗದಲ್ಲಿ ನಿಂತಿದೆ ಅಂದ್ಕೊಂಡ್ರು, ಆದ್ರೆ ಅದು ಓಡೋಕೆ ಶುರು ಮಾಡಿಬಿಟ್ಟಿತ್ತು. ನಡೀತಿರೋ ಕೆಲಸನ ಡಚ್ಚಲ್ಲಿ ಹೇಳೋ ರೀತಿ ಇಂಗ್ಲಿಷ್ ಪದಗಳೊಳಗೆ ನುಸುಳಿರಬಹುದು ಅಂತ ಭಾಷಾ ತಜ್ಞರು ವಿವರಿಸ್ತಾರೆ. ನಾವು ಫೋನಲ್ಲಿ ‘ಆಯ್ತು’ ಅಂತೀವಲ್ಲ, ಕೆಲಸ ಮುಗೀತು ಅಂತಲೂ ಹೌದು, ಮಾಡ್ತೀನಿ ಅಂತಲೂ ಹೌದು, ಹಂಗೆ. ಟವರ್‌ನವ್ರು ‘ಓಕೆ’ ಅಂದು, ಕಾಯಿರಿ ನಾನೇ ಕರೀತೀನಿ ಅಂದ್ರು, ಅದೇ ಹೊತ್ತಿಗೆ ಪ್ಯಾನ್ ಆಮ್‌ನವ್ರೂ ನಾವಿನ್ನೂ ರನ್‌ವೇಲಿದೀವಿ ಅಂತ ಮಾತಾಡಿದ್ರು, ಎರಡು ಮಾತೂ ಸೇರಿ ಕೆಎಲ್‌ಎಂಗೆ ‘ಓಕೆ’ ಆದ್ಮೇಲೆ ಕೀರಲು ಸದ್ದೇ ಜಾಸ್ತಿ ಕೇಳಿಸ್ತು. ಎರಡೂ ವಿಮಾನ ಡಿಕ್ಕಿಯಾಗಿ 583 ಜನ ಸತ್ರು.

ಟೇಕಾಫ್ ಅನ್ನೋ ಪದನ ಅನುಮತಿ ಕೊಡುವಾಗ, ಇಲ್ಲ ರದ್ದು ಮಾಡುವಾಗ ಮಾತ್ರ ಬಳಸ್ಬೇಕು, ಮಿಕ್ಕ ಹೊತ್ತಲ್ಲಿ ಡಿಪಾರ್ಚರ್ ಅನ್ಬೇಕು ಅನ್ನೋದು ಗಟ್ಟಿಯಾಗಿದ್ದು ಆಮೇಲೇನೇ. ಮುಖ್ಯವಾದ ಅನುಮತಿ ಸಿಕ್ಕಾಗ ಬರೀ ‘ಓಕೆ’ ಸಾಲದು, ಕೇಳಿದ್ದನ್ನ ವಾಪಸ್ ಹೇಳ್ಬೇಕು, ಅದಕ್ಕೆ ರೀಡ್‌ಬ್ಯಾಕ್ ಅಂತಾರೆ.

1990ರಲ್ಲಿ ಕೊಲಂಬಿಯಾದ ಏವಿಯಾಂಕಾ 52 ಅನ್ನೋ ವಿಮಾನ ನ್ಯೂಯಾರ್ಕ್ ಹತ್ರ ಇಳಿಯೋಕೆ ಒಂದು ಗಂಟೆಗೂ ಜಾಸ್ತಿ ಕಾದಿತ್ತು. ಪೈಲಟ್‌ಗಳು ಇಂಧನ ಮುಗೀತಿದೆ ಅಂದ್ರು, ‘ಪ್ರಯಾರಿಟಿ’ ಕೇಳಿದ್ರು, ಆದ್ರೆ ‘ಎಮರ್ಜೆನ್ಸಿ’ ಅನ್ನೋ ಪದ ಟವರ್‌ಗೆ ಹೋಗಲೇ ಇಲ್ಲ. ಇಂಧನ ಖಾಲಿಯಾಗಿ ವಿಮಾನ ಬಿತ್ತು, 73 ಸಾವು. ಪೈಲಟ್‌ಗಳನ್ನಷ್ಟೇ ದೂರೋದು ನನಗೆ ಸರಿ ಅನ್ಸಲ್ಲ, ಕೇಳಿಸ್ಕೊಂಡವ್ರೂ ಒಂದು ಸಲ ‘ಎಷ್ಟು ನಿಮಿಷದ ಇಂಧನ ಇದೆ’ ಅಂತ ಬಿಡಿಸಿ ಕೇಳ್ಬೇಕಿತ್ತು.

ನಮ್ಮ ದೇಶದ್ದು 1996ರ ನವೆಂಬರ್ 12, ಹರಿಯಾಣದ ಚರ್ಖಿ ದಾದ್ರಿ. ಸೌದಿ ವಿಮಾನಕ್ಕೆ 14,000 ಅಡಿ, ಎದುರಿಂದ ಇಳೀತಿದ್ದ ಕಜಕಿಸ್ತಾನದ್ದಕ್ಕೆ 15,000 ಅಡಿ ಅಂತ ದೆಹಲಿ ಹೇಳಿತ್ತು. ಕಜಕ್ ವಿಮಾನ 15,000ದಲ್ಲಿ ನಿಲ್ಲದೆ ಕೆಳಗಿಳಿದು ಸೌದಿ ವಿಮಾನಕ್ಕೆ ಡಿಕ್ಕಿ ಹೊಡೀತು. ಕಜಕ್ ಪೈಲಟ್‌ಗಳು ಇಂಗ್ಲಿಷ್ ಮಾತಿಗೆ ಪೂರ್ತಿ ರೇಡಿಯೋ ಆಪರೇಟರನ್ನೇ ನಂಬಿದ್ರು ಅಂತ ತನಿಖೆ ಮಾಡಿದ ಲಾಹೋಟಿ ಆಯೋಗ ಹೇಳ್ತು. 349 ಜನ, ಒಬ್ರೂ ಉಳೀಲಿಲ್ಲ.

ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒ ಈ ವಿಷಯನ ಗಂಭೀರವಾಗಿ ಕೈಗೆತ್ತಿಕೊಂಡಿದ್ದು ಇದಾದ್ಮೇಲೆ. 2003ರಲ್ಲಿ ಆರು ಲೆವೆಲ್‌ಗಳ ಭಾಷಾ ಪರೀಕ್ಷೆಯ ನಿಯಮ ಬಂತು, 2008ರ ಗಡುವು 2011ಕ್ಕೆ ಹೋಯ್ತು. ಅಂತಾರಾಷ್ಟ್ರೀಯ ಹಾರಾಟಕ್ಕೆ ಲೆವೆಲ್ 4 ಸಾಕು, ಉಚ್ಚಾರದಲ್ಲಿ ನಮ್ಮೂರ ಧಾಟಿ ಇದ್ರೂ ನಡಿಯುತ್ತೆ, ಎದುರಿನವ್ರಿಗೆ ಅರ್ಥ ಆಗೋಕೆ ಪದೇ ಪದೇ ಅಡ್ಡಿ ಬರಬಾರದು ಅಷ್ಟೇ. ಲೆವೆಲ್ 4 ಇದ್ದೋರಿಗೆ ಮೂರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಅನ್ನೋದು ಐಸಿಎಒ ಸಲಹೆ.

ಇದನ್ನೆಲ್ಲ ಹೇಳಿದ್ಮೇಲೆ ‘ನಂಗೇ ಅರ್ಥ ಆಗ್ಲಿಲ್ಲ ಅಂದ್ರೆ?’ ಅಂತ ಕೇಳಿದ್ಲು. ಅದಕ್ಕೂ ಗೊತ್ತು ಮಾಡಿದ ಮಾತಿದೆ ಪುಟ್ಟಿ, ‘ಸೇ ಅಗೇನ್’, ಎಷ್ಟು ಸಲ ಬೇಕಾದ್ರೂ ಹೇಳ್ಬಹುದು ಅಂದೆ.